ಎದುರು ಕೂತು ಒಂದು ಊಟ

ಮೊನ್ನೆ ಸಿಂಚನಾ ಕಾಲೇಜಿನಿಂದ ಬೇಗ ಬಂದವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಪುಟ್ಟ ಸ್ಟೂಲಿನ ಮೇಲೆ ಕೂತು, ಗೋಡೆಗೆ ಮುಖ ಮಾಡಿ, ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಊಟ ಮಾಡುತ್ತಿದ್ದೆ.

"ಅಜ್ಜಿ, ಯಾರಾದ್ರೂ ಪನಿಶ್‌ಮೆಂಟ್ ಕೊಟ್ಟಿದಾರಾ? ಯಾವಾಗ್ಲೂ ಗೋಡೆ ಕಡೆ ತಿರುಗಿ ತಿಂತೀಯಲ್ಲ."

"ಗೋಡೆ ಊಟದ ಮಧ್ಯೆ ಎದ್ದು ಬಂದು ಉಪ್ಪಿನಕಾಯಿ ಕೇಳಲ್ಲ ಕಣೇ" ಅಂದೆ.

ಅವಳು ನಗುತ್ತಾ ಒಳಗೆ ಹೋದಳು. ಇದೇ ಪ್ರಶ್ನೆಯನ್ನು, ಇದೇ ಬಾಗಿಲಲ್ಲಿ ನಿಂತು, ನಿಮ್ಮ ತಾತ ಒಮ್ಮೆ ಕೇಳಿದ್ದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾವಿಬ್ಬರೂ ಬಸವನಗುಡಿಯ ಒಂದು ದೊಡ್ಡ ಹೋಟೆಲಿಗೆ ಹೋಗಿ ಕೂತಿದ್ದೆವು. ಆ ಕಥೆ ಮೊಮ್ಮಕ್ಕಳಾದ ನಿಮಗೆ ಯಾರಿಗೂ ಗೊತ್ತಿಲ್ಲ. ಎದುರಿಗೆ ಕೂರಿಸಿಕೊಂಡು ಹೇಳೋಣವೆಂದರೆ ನನಗೆ ಮಾತು ಬಾರದು, ನಾಚಿಕೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ, ಆ ಧೈರ್ಯ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳ ಬರವಣಿಗೆ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮೊದಲು ನಮ್ಮಮ್ಮನ ವಿಷಯ. ನಮ್ಮಮ್ಮ ಊಟ ಮಾಡಿದ್ದನ್ನು ನಾನು ನೋಡಿಯೇ ಇಲ್ಲ. ಮಾಡುತ್ತಿದ್ದಳು, ಇಲ್ಲದಿದ್ದರೆ ಅಷ್ಟು ಮಕ್ಕಳನ್ನು ಹೆತ್ತು ಹೊಲಕ್ಕೂ ಹೋಗುವುದು ಹೇಗೆ? ಆದರೆ ಯಾವಾಗ, ಎಲ್ಲಿ, ಏನು ಎನ್ನುವುದು ನಮಗೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾವು ಕೈ ತೊಳೆದು ಬರುವಷ್ಟರಲ್ಲಿ ಅವಳು ಮಡಕೆ ಉಜ್ಜುತ್ತಿರುತ್ತಿದ್ದಳು. ಹೆಂಗಸರು ಉಣ್ಣುವುದು ಸ್ನಾನ ಮಾಡಿದ ಹಾಗೆ, ಮರೆಯಲ್ಲಿ ಮುಗಿಸಿಕೊಳ್ಳಬೇಕಾದ ಕೆಲಸ ಎಂದೇ ನಾನು ತಿಳಿದಿದ್ದೆ. ಮಾಗಡಿ ಕಡೆಯ ನಮ್ಮೂರ ಶಾಲೆಯಲ್ಲೂ ಹಾಗೇ. ಹುಡುಗರು ಜಗಲಿಯ ಮೇಲೆ ಸಾಲಾಗಿ ಕೂತು ರೊಟ್ಟಿಯ ಗಂಟು ಬಿಚ್ಚುತ್ತಿದ್ದರು. ನಾವು ಹುಡುಗಿಯರು ಶಾಲೆಯ ಹಿಂದಿನ ಗೋಡೆಗೆ ಮುಖ ಕೊಟ್ಟು, ಲಂಗ ಹರಡಿಕೊಂಡು, ಅದರ ಮರೆಯಲ್ಲಿ ಮುರಿದು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ಯಾರಾದರೂ ಬಂದರೆ ಅಗಿಯುವುದನ್ನು ನಿಲ್ಲಿಸಬೇಕು. ಒಬ್ಬಳಂತೂ ಮೇಷ್ಟ್ರು ಇದ್ದಕ್ಕಿದ್ದಂತೆ ಕರೆದಾಗ ತುತ್ತನ್ನು ಕೆನ್ನೆಯಲ್ಲಿ ಅಡಗಿಸಿಟ್ಟುಕೊಂಡೇ ಹದಿಮೂರರ ಮಗ್ಗಿಯನ್ನು ಕೊನೆಯವರೆಗೆ ಒಪ್ಪಿಸಿದಳು. ಮೇಷ್ಟ್ರು, "ಹಲ್ಲು ನೋವೇನಮ್ಮಾ?" ಎಂದು ಕನಿಕರದಿಂದ ಕೇಳಿದರು. ಆ ಒಬ್ಬಳು ನಾನೇ.

ಹೀಗೆ ತರಬೇತಾದವಳನ್ನು ಚಾಮರಾಜಪೇಟೆಯ ತುಂಬಿದ ಮನೆಗೆ ಕೊಟ್ಟರು. ಇಲ್ಲಿ ಗಂಡಸರದು ಒಂದು ಪಂಕ್ತಿ, ಮಕ್ಕಳದು ಒಂದು ಪಂಕ್ತಿ. ಅತ್ತೆಯದು ಬೇರೆ, ಅವರು ಪೂಜೆ ಮುಗಿಸಿ ಬಂದ ಮೇಲೆ. ಕೊನೆಗೆ ನಾವು ಸೊಸೆಯಂದಿರು. ಅಷ್ಟು ಹೊತ್ತಿಗೆ ಸಾರು ಆರಿ, ಅನ್ನ ಗಟ್ಟಿಯಾಗಿ, ಹಪ್ಪಳ ಮೆತ್ತಗಾಗಿರುತ್ತಿತ್ತು. ಯಾರೂ ನಮ್ಮನ್ನು ಗದರಿಸಿ ಹಾಗೆ ಮಾಡಿಸಲಿಲ್ಲ, ಅದನ್ನೂ ಹೇಳಬೇಕು. ಅದು ಹಾಗೆಯೇ ನಡೆಯುತ್ತಿತ್ತು. ಆಮೇಲೆ ಮನೆ ಪಾಲಾಯಿತು, ಪಂಕ್ತಿಗಳು ಹೋದವು, ಟೇಬಲ್ಲು ಬಂತು. ನಾನು ಮಾತ್ರ ಕೊನೆಯ ಪಂಕ್ತಿಯಲ್ಲೇ ಉಳಿದೆ, ಒಬ್ಬಳೇ.

ನಿಮ್ಮ ತಾತ ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಮಾರಾಟದ ಕೆಲಸದಲ್ಲಿದ್ದರು. ಬೆಳಗ್ಗೆ ಊಟದ ಡಬ್ಬಿ ಹಿಡಿದು ಹೋದರೆ ರಾತ್ರಿ ಬರುವುದು. ಭಾನುವಾರ ಊಟವಾದ ಕೂಡಲೇ ನಿದ್ದೆ. ಹಾಗಾಗಿ ನಾನು ಹೇಗೆ ಊಟ ಮಾಡುತ್ತೇನೆ ಎಂಬುದು ಅವರಿಗೆ ಗೊತ್ತಾಗಿದ್ದು ಅಂಗಡಿ ಬಿಟ್ಟು ಮನೆಯಲ್ಲಿ ಉಳಿದ ಮೇಲೆ. ಒಂದು ಮಧ್ಯಾಹ್ನ ನೀರು ಕುಡಿಯಲು ಬಂದವರು ಬಾಗಿಲಲ್ಲೇ ನಿಂತರು.

"ಇದೇನು ಮಂಗ್ಳಾ, ಇಷ್ಟು ಹೊತ್ತಿಗೆ ಊಟಾನಾ? ಗೋಡೆ ನೋಡ್ಕೊಂಡು?"

ನಾನು ತಟ್ಟೆ ಕೆಳಗಿಟ್ಟು ಎದ್ದುಬಿಟ್ಟೆ. "ಏನು ಬೇಕಿತ್ತು?"

"ಏನೂ ಬೇಡ. ಕೂತ್ಕೋ. ನಾನೂ ಇಲ್ಲೇ ಕೂತ್ಕೋತೀನಿ."

ಅವರು ಕೂತರು. ನಾನು ಬಾಯಿಗಿಡದೆ ಅನ್ನದಲ್ಲಿ ಕೈಯಾಡಿಸುತ್ತಾ ಕೂತೆ. ಅವರು ನನ್ನ ತಟ್ಟೆಯ ಅಂಚನ್ನು ಮುಟ್ಟಿ ನೋಡಿ, "ತಣ್ಣಗಿದೆ" ಎಂದರು. ಎದ್ದು ಹೊರಗೆ ಹೋದರು. ಸಂಜೆ ನಾನು ಹೂ ಕಟ್ಟುವಾಗ ಬಂದು, "ಇಷ್ಟು ವರ್ಷ ಆಯ್ತು, ನೀನು ಊಟ ಮಾಡೋದು ನಾನು ನೋಡೇ ಇಲ್ಲ. ಒಂದ್ಸಲ ನನ್ನೆದುರಿಗೆ ಕೂತು, ಬಿಸಿಬಿಸಿ ಊಟ ಮಾಡ್ಬೇಕು ನೀನು. ಅಷ್ಟು ನೋಡ್ಬೇಕು ನಾನು" ಎಂದರು.

ಗಂಡ ಒಡವೆ ಕೊಡಿಸುತ್ತೇನೆಂದರೆ ಬೇಡ ಎನ್ನುವುದು ಸುಲಭ. ಇದಕ್ಕೆ ಏನು ಹೇಳುವುದು?

ಮನೆಯಲ್ಲಿ ಪ್ರಯತ್ನ ಮಾಡಲಿಲ್ಲವೆಂದಲ್ಲ. ದೋಸೆ ಮಾಡಿದ ದಿನ ಅವರು ನನ್ನನ್ನು ಕೂರಿಸಿದರು. ನಿಮ್ಮಪ್ಪನಿಗೆ ಇನ್ನೊಂದು ದೋಸೆ ಬೇಕಾಯಿತು, ಎದ್ದೆ. ಹಬ್ಬದ ದಿನ ಕೂರಿಸಿದರು. ಆಗಿನ್ನೂ ಪುಟ್ಟವನಾಗಿದ್ದ ಪ್ರಣವ್ ಪಾಯಸ ಚೆಲ್ಲಿದ, ಎದ್ದೆ. ಕೊನೆಗೆ ಅವರೇ ಸೋತು, "ಮನೇಲಿ ಆಗಲ್ಲ ಇದು. ಒಲೆ ಕಾಣದೇ ಇರೋ ಕಡೆ ಹೋಗ್ಬೇಕು" ಎಂದು ತೀರ್ಮಾನಿಸಿದರು.

"ಗಾಂಧಿ ಬಜಾರಿಗೆ ಹೋಗಿ ಇಡ್ಲಿ ತಿಂದ್ರೆ ಆಯ್ತಲ್ಲ" ಅಂದೆ.

"ಅಲ್ಲಿ ನಿಂತ್ಕೊಂಡು ತಿನ್ನೋದು. ಮೊಣಕೈಗೆ ಮೊಣಕೈ ತಾಗುತ್ತೆ. ಯಾರಾದ್ರೂ ಚಟ್ನಿ ಅಂದ್ರೆ ನೀನೇ ತಂದ್ಕೊಟ್ಟುಬಿಡ್ತೀಯ. ದೊಡ್ಡ ಹೋಟ್ಲೇ ಆಗ್ಬೇಕು. ಅಲ್ಲಿ ಮೆತ್ತನೆ ಕುರ್ಚಿ, ದೀಪ ಕಮ್ಮಿ. ನಿನಗೆ ನಾಚಿಕೆ ಆದ್ರೂ ಯಾರಿಗೂ ಕಾಣಲ್ಲ."

ಬಸವನಗುಡಿಯ ಹಳೆಯ ಬಂಗಲೆಯೊಂದನ್ನು ಹೋಟೆಲು ಮಾಡಿದ್ದರು. ಕಾರಿನವರು ಹೋಗುವ ಜಾಗ. ನಮ್ಮ ಕೈಯಲ್ಲಿ ಎಷ್ಟಿತ್ತು? ಅಂಗಡಿಯ ಕೆಲಸಕ್ಕೆ ಪೆನ್ಷನ್ ಇಲ್ಲ. ಮಗನನ್ನು ಕೇಳಿದ್ದರೆ ಖಂಡಿತ ಕೊಡುತ್ತಿದ್ದ. ಆದರೆ ಹೆಂಡತಿಯನ್ನು ಊಟಕ್ಕೆ ಕರೆದುಕೊಂಡು ಹೋಗಲು ಮಗನ ಹತ್ತಿರ ಕೈಚಾಚುವ ಜಾಯಮಾನ ನಿಮ್ಮ ತಾತನದಲ್ಲ. ಹೊರಗಿನ ಕಾಫಿ ಬಿಟ್ಟರು, ಆಟೋ ಬಿಟ್ಟರು. ಒಂದು ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಒಬ್ಬರೇ ಆ ಹೋಟೆಲಿಗೆ ಹೋಗಿ, ದೊಡ್ಡ ಪಾರ್ಟಿಯೊಂದನ್ನು ಕರೆತರುವವರ ಗತ್ತಿನಲ್ಲಿ ಮೆನು ತರಿಸಿಕೊಂಡು ಓದಿ ಬಂದರು. ಮನೆಗೆ ಬಂದು ಟೆರೇಸಿನ ಮೇಲೆ ನನಗೆ ವರದಿ ಒಪ್ಪಿಸಿದರು. "ಒಂದು ಸೂಪು, ಬೈ ಟೂ. ಮಡಕೇಲಿ ಬೇಯಿಸಿದ ತರಕಾರಿ ಬಿರಿಯಾನಿ ಒಂದು, ಇಬ್ಬರಿಗೂ ಸಾಕು. ಟ್ಯಾಕ್ಸ್ ಸೇರಿಸಿ ನೋಡ್ದೆ. ಇಷ್ಟೇ ನಮ್ಮ ಕೈಗೆ ಎಟುಕೋದು. ಅದರ ಮೇಲೆ ಒಂದು ಹಪ್ಪಳಾನೂ ಇಲ್ಲ."

"ಅಲ್ಲಿ ಚಮಚ, ಮುಳ್ಳು ಚಮಚ ಅಂತೆಲ್ಲ ಇಡ್ತಾರಂತಲ್ಲ."

"ಇಟ್ಕೊಳ್ಲಿ ಬಿಡು. ನೀನು ಕೈಯಲ್ಲೇ ತಿನ್ನು. ದುಡ್ಡು ಕೊಡೋರು ನಾವು, ಚಮಚ ಅಲ್ಲ."

ಇನ್ನು ಮನೆಯಲ್ಲಿ ಏನು ಹೇಳುವುದು? ರೇಷ್ಮೆ ಸೀರೆ ಉಟ್ಟು, ಸಂಜೆ ಹೊರಟು, ರಾತ್ರಿ ಊಟ ಬೇಡ ಅನ್ನಲು ಒಂದೇ ಕಾರಣ ಇರುವುದು: ರಿಸೆಪ್ಷನ್. ಅಂಗಡಿಯ ಹಳೆಯ ಸ್ನೇಹಿತರ ಮಗಳದು ಎಂದರು ತಾತ. ನಿಮ್ಮಮ್ಮ ಪಾಪ, "ಅತ್ತೆ, ಮುಯ್ಯಿ ಕವರ್ ಇದೆಯಾ?" ಎಂದು ಹೊಸ ಕವರೇ ತಂದುಕೊಟ್ಟಳು. ಪ್ರಣವ್ ಐಸ್‌ಕ್ರೀಮಿಗಾಗಿ ನಾನೂ ಬರುತ್ತೇನೆಂದು ಕಾಲು ಹಿಡಿದುಕೊಂಡ. ಈಗ ಗಡ್ಡ ಬಿಟ್ಟುಕೊಂಡು ಓಡಾಡುವವನು ಅಂದು ನನ್ನ ನೆರಿಗೆಗೆ ಮೂಗು ಒರೆಸಿದ್ದ.

ಬೀದಿ ತಿರುಗುವಷ್ಟರಲ್ಲಿ ತಾತನಿಗೆ ಹೊಳೆಯಿತು. "ಮದುವೆ ಮನೆಯಿಂದ ಬರಿಗೈಲಿ ಬರೋರು ಉಂಟೇ? ತಾಂಬೂಲದ ಚೀಲ ಎಲ್ಲಿ ಅಂತ ಕೇಳಲ್ವಾ ಸೊಸೆ?" ಗಾಂಧಿ ಬಜಾರಿನಲ್ಲಿ ನಿಂತು ಒಂದು ತೆಂಗಿನಕಾಯಿ, ಎಲೆ ಅಡಿಕೆ, ಒಂದು ಬಣ್ಣದ ಚೀಲ ಕೊಂಡೆವು. ಅದನ್ನು ಮೊದಲೇ ಲೆಕ್ಕ ಹಾಕಿರಲಿಲ್ಲ. ಕಾಯಿಯಂಗಡಿಯವಳ ಹತ್ತಿರ ಅವರು ಚೌಕಾಸಿ ಮಾಡಿದ ರೀತಿ ನೋಡಿ ನನಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ.

ಹೋಟೆಲಿನ ಗೇಟಿನಲ್ಲಿ ಸೆಕ್ಯೂರಿಟಿಯವನು ಚೀಲ ತೋರಿಸಿ ಎಂದ. "ಸಾರ್, ಹೊರಗಿನ ಫುಡ್ ಅಲೋ ಇಲ್ಲ."

"ಇದು ಫುಡ್ ಅಲ್ಲಪ್ಪ, ತೆಂಗಿನಕಾಯಿ."

"ತೆಂಗಿನಕಾಯಿ ಫುಡ್ಡೇ ಅಲ್ವಾ ಸಾರ್?"

"ಒಡೆದ್ರೆ ಫುಡ್ಡು. ಒಡೆಯೋ ತನಕ ಮಂಗಳದ್ರವ್ಯ."

ಅವನು ಸ್ವಲ್ಪ ಯೋಚಿಸಿ ಬಿಟ್ಟ. ಹೀಗೆ ನಾವು ತೆಂಗಿನಕಾಯಿಯ ಸಮೇತ ಒಳಗೆ ಹೋದೆವು.

ಒಳಗೆ ತಾತ ಹೇಳಿದ ಹಾಗೇ ಇತ್ತು. ದೀಪ ಕಮ್ಮಿ, ಕುರ್ಚಿ ಮೆತ್ತಗೆ, ಟೇಬಲ್ಲಿನ ಮೇಲೆ ಪುಟ್ಟ ಗಾಜಿನೊಳಗೆ ಒಂದು ಮೇಣದ ಬತ್ತಿ. ಅಕ್ಕಪಕ್ಕದವರು ಪಿಸುಪಿಸು ಮಾತನಾಡುತ್ತಿದ್ದರು, ದೇವಸ್ಥಾನದಲ್ಲಿ ಮಂಗಳಾರತಿಗೆ ಕಾಯುವವರ ಹಾಗೆ. ಬಡಿಸುವವರು ನಡುವಯಸ್ಸಿನವರು, ಕಪ್ಪು ಕೋಟು. ಬಂದು, "ನೀರು ಯಾವುದು ಕೊಡ್ಲಿ ಸಾರ್?" ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ತಾತ, "ಕಾವೇರಿ" ಎಂದರು. ಅವರು ನಕ್ಕು ಸಾದಾ ನೀರನ್ನೇ ತಂದರು. ಮುಗಿಯಿತು, ಬಾಟಲಿಯ ಖರ್ಚು ಉಳಿಯಿತು.

ಆಮೇಲೆ ಕಪ್ಪು ಕೋಟಿನವರು ಒಂದೊಂದೇ ತಿಂಡಿಯ ಹೆಸರು ಹೇಳುತ್ತಾ ಹೋದರು. ಮೊದಲು ಯಾವುದು ಚೆನ್ನಾಗಿದೆ, ಆಮೇಲೆ ಯಾವುದು ವಿಶೇಷ, ಆಮೇಲೆ ಎಲ್ಲರೂ ಯಾವುದನ್ನು ತಗೊಳ್ಳುತ್ತಾರೆ. ನಿಮ್ಮ ತಾತನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅಪರೂಪಕ್ಕೆ ನೋಡಿದ್ದೆ. ಬದುಕೆಲ್ಲ ಗಿರಾಕಿಗಳ ಮುಂದೆ ಸೀರೆ ಹರಡಿದವರಿಗೆ, ತಾವೇ ಗಿರಾಕಿಯಾಗಿ ಕೂತು ಇನ್ನೊಬ್ಬರು ಹರಡುವುದನ್ನು ನೋಡುವ ಸುಖ.

"ಪನೀರಿಂದು ತಗೊಳ್ಳಿ ಸಾರ್, ಹೊಸದಾಗಿ ಬಂದಿದೆ."

"ತುಂಬಾ ಚೆನ್ನಾಗಿದೆ. ಆದ್ರೆ ನಮ್ಮನೆಯವರಿಗೆ ಈ ಬಣ್ಣ ಒಪ್ಪಲ್ಲ."

"ಹಾಗಾದ್ರೆ ಅಣಬೆದು?"

"ಅದು ನಮ್ಮ ಹತ್ರ ಆಗ್ಲೇ ಒಂದಿದೆ. ಇನ್ನೊಂದು ದಿನ ಬಂದು ನೋಡ್ತೀವಿ."

ಕಪ್ಪು ಕೋಟಿನವರಿಗೆ ಗೊತ್ತಾಗಿಹೋಯಿತು. "ಸಾರ್ ಯಾವ ಅಂಗಡೀಲಿದ್ರಿ?" ಎಂದು ಕೇಳಿದರು. "ಚಿಕ್ಕಪೇಟೆ, ಸೀರೆ" ಎಂದರು ತಾತ. ಇಬ್ಬರೂ ನಕ್ಕರು. ಆಮೇಲೆ ಸೂಪು ಬೈ ಟೂ ಎಂದಾಗ ಅವರು ಹುಬ್ಬು ಕೂಡ ಏರಿಸಲಿಲ್ಲ. ಬೆಂಗಳೂರಿನ ಈ ಒಂದು ಗುಣ ನನಗೆ ಬಹಳ ಇಷ್ಟ. ಒಂದನ್ನು ಇಬ್ಬರು ಹಂಚಿಕೊಂಡರೆ ಇಲ್ಲಿ ಯಾರೂ ಬಡವರು ಅಂದುಕೊಳ್ಳುವುದಿಲ್ಲ, ಸ್ನೇಹಿತರು ಅಂದುಕೊಳ್ಳುತ್ತಾರೆ.

ಸೂಪು ಬಂತು. ತಾತ ನನ್ನನ್ನೇ ನೋಡುತ್ತಾ ಕೂತರು. ನಾನು ಮೇಣದ ಬತ್ತಿಯನ್ನು ನೋಡಿದೆ, ತೆಂಗಿನಕಾಯಿಯ ಚೀಲ ನೋಡಿದೆ, ಪಕ್ಕಕ್ಕೆ ತಿರುಗಿ ಗೋಡೆಯ ಕಡೆಗೆ ಮುಖ ಮಾಡಿ ಒಂದು ಚಮಚ ಕುಡಿದೆ.

"ಮಂಗ್ಳಾ, ಇಲ್ಲೂ ಗೋಡೆ ಹುಡುಕಿದ್ಯಾ?"

"ನೀವು ಆ ಕಡೆ ನೋಡಿ, ಕುಡೀತೀನಿ."

"ಆ ಕಡೆ ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ?"

ಸೂಪು ಹೇಗೋ ಮುಗಿಯಿತು. ಮುಕ್ಕಾಲು ಪಾಲು ಆರಿದ ಮೇಲೆ ಕುಡಿದೆ. ಅದು ಲೆಕ್ಕಕ್ಕಿಲ್ಲ ಎಂದು ತಾತ ತೀರ್ಪು ಕೊಟ್ಟರು. ಇನ್ನು ಉಳಿದಿದ್ದು ಒಂದೇ ಅವಕಾಶ, ಬಿರಿಯಾನಿ.

ಮಣ್ಣಿನ ಕುಡಿಕೆ ಬಂತು. ಬಾಯಿಗೆ ಮೆತ್ತಿದ್ದ ಹಿಟ್ಟನ್ನು ನಮ್ಮೆದುರೇ ಬಿಡಿಸಿ ಮುಚ್ಚಳ ತೆಗೆದರು. ಪುದೀನ, ತುಪ್ಪ, ಲವಂಗದ ಹಬೆ ಮುಖಕ್ಕೆ ಹೊಡೆಯಿತು. ಬಡಿಸಲು ಅವರು ಚಮಚಕ್ಕೆ ಕೈ ಹಾಕುವುದೂ ನಾನು ಹಾಕುವುದೂ ಒಂದೇ ಆಯಿತು. ನನಗೆ ಗೊತ್ತಿಲ್ಲದೆ ಎದ್ದು ನಿಂತಿದ್ದೆ.

"ಅಮ್ಮಾ, ನೀವು ಕೂತ್ಕೊಳ್ಳಿ. ಇದು ನಮ್ಮ ಕೆಲ್ಸ."

ಚಮಚ ನಾನು ಬಿಡಲಿಲ್ಲ. ಅವರೇ ಬಿಟ್ಟರು. ಆಮೇಲೆ ನಡೆದದ್ದನ್ನು ನನ್ನ ಕೈ ಮಾಡಿತೇ ಹೊರತು ನಾನಲ್ಲ. ಅರ್ಧ ಬಿರಿಯಾನಿಯನ್ನು ತಾತನ ತಟ್ಟೆಗೆ ಬಡಿಸಿ, ಉಳಿದದ್ದಕ್ಕೆ ಮುಚ್ಚಳ ಮುಚ್ಚಿ, ನನ್ನ ಖಾಲಿ ತಟ್ಟೆಯನ್ನು ಟೇಬಲ್ಲಿನ ಅಂಚಿಗೆ ಸರಿಸಿ, ಕೈಕಟ್ಟಿಕೊಂಡು ಕೂತೆ.

"ನಿನ್ನ ತಟ್ಟೆಗೆ?"

"ಮೊದಲು ನಿಮ್ದಾಗ್ಲಿ."

ಅವರು ಸುತ್ತ ನೋಡಿ, ತಟ್ಟೆ ಹತ್ತಿರ ಎಳೆದುಕೊಂಡರು. ಗದರಿಸುವವರಲ್ಲ. "ಸರಿ, ಬೇಗ ಮುಗಿಸ್ತೀನಿ. ಆಮೇಲೆ ನೀನು ಊಟ ಮಾಡು, ನಾನು ಸುಮ್ನೆ ಕೂತು ನೋಡ್ತೀನಿ. ಅದೂ ಚೆನ್ನಾಗಿರುತ್ತೆ" ಎಂದು ಅವಸರದಲ್ಲಿ ಊಟ ಮಾಡಿದರು. ಟೇಬಲ್ಲಿಗೇ ತಂದಿಟ್ಟ, ಬೆರಳದ್ದುವ ಬಿಸಿನೀರಿನ ಬಟ್ಟಲಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಕೈ ತೊಳೆದು ಬರುತ್ತೇನೆಂದು ಎದ್ದು ಒಳಗೆ ಹೋದರು.

ಅವರು ಕೈ ತೊಳೆಯಲು ಎದ್ದರೆ ಮನೆಯಲ್ಲಿ ನನ್ನ ಊಟದ ಹೊತ್ತು. ಸರಿ ಎಂದು ನಾನು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಕಪ್ಪು ಕೋಟಿನವರು ಬಂದರು. ಅವರಿಗೆ ಕಂಡದ್ದೇನು? ಸಾರ್ ಎದ್ದು ಹೋಗಿದ್ದಾರೆ. ಅಮ್ಮನ ತಟ್ಟೆ ತೊಳೆದಿಟ್ಟ ಹಾಗಿದೆ, ಅಂಚಿಗೆ ಸರಿಸಿಯೂ ಆಗಿದೆ, ಕುಡಿಕೆಗೆ ಮುಚ್ಚಳ. ಅವರು ಎಲ್ಲವನ್ನೂ ಒಂದು ಟ್ರೇಗೆ ಜೋಡಿಸಿ, ತಲೆಬಾಗಿ, ಎತ್ತಿಕೊಂಡು ನಡೆದರು.

ಕುಡಿಕೆ ಟೇಬಲ್ಲುಗಳ ನಡುವೆ ತೇಲಿಕೊಂಡು ದೂರ ಹೋಗುತ್ತಿತ್ತು. ಇನ್ನೊಂದು ತರಿಸಲು ನಮ್ಮಲ್ಲಿ ದುಡ್ಡಿಲ್ಲ. ನಿಮ್ಮ ತಾತ ಕಾಫಿ ಬಿಟ್ಟು, ನಡೆದು ನಡೆದು, ನನ್ನ ಊಟ ನೋಡಬೇಕೆಂದು ಕಟ್ಟಿಕೊಂಡು ಬಂದ ಸಂಜೆ ಆ ಟ್ರೇಯಲ್ಲಿ ಹೋಗುತ್ತಿದೆ. ಈಗ ಬಂದು ಖಾಲಿ ಟೇಬಲ್ಲನ್ನು ನೋಡಿ, "ಹೋಗ್ಲಿ ಬಿಡು" ಎಂದು ನಗುತ್ತಾರೆ. ಆ ನಗು ನನಗೆ ಬೇಡವಾಗಿತ್ತು.

ಎದ್ದೆ. ಅಷ್ಟೊಂದು ಜನರ ನಡುವೆ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಟ್ರೇಯ ಹಿಂದೆ ಹೊರಟೆ. ಕೂಗಿ ಕರೆಯುವ ಧೈರ್ಯವಿಲ್ಲ, ನಡೆಯುವ ಧೈರ್ಯವಿತ್ತು. ಅವರು ಭುಜದಿಂದ ತಳ್ಳಿ ಅಡುಗೆಮನೆಯ ಬಾಗಿಲು ತೆರೆದರು. ಒಳಗಿನಿಂದ ಬಾಣಲೆಯ ಸದ್ದು, ಒಗ್ಗರಣೆಯ ವಾಸನೆ, ಬೆಂಕಿಯ ಕಾವು ಬಂತು. ವಿಚಿತ್ರ ನೋಡಿ, ನನ್ನ ನಾಚಿಕೆ ಅಲ್ಲಿಗೆ ನಿಂತುಹೋಯಿತು. ಮೆತ್ತನೆ ಕುರ್ಚಿಯಲ್ಲಿ ನಾನು ಯಾರೋ ಆಗಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತ ಮೇಲೆ, ಅದು ಯಾರ ಅಡುಗೆಮನೆಯೇ ಆಗಿರಲಿ, ನಾನು ನಾನೇ.

"ನಿಲ್ಲಪ್ಪ" ಅಂದೆ. "ಆ ಕುಡಿಕೆ ಇಲ್ಲಿ ಕೊಡು. ನನ್ನ ಊಟ ಆಗಿಲ್ಲ."

ಅವರು ಗಾಬರಿಯಾಗಿ ತಿರುಗಿದರು. "ಅಯ್ಯೋ ಅಮ್ಮಾ, ನೀವು ಇವತ್ತು ಒಪ್ಪತ್ತೇನೋ ಅನ್ಕೊಂಡೆ. ತಟ್ಟೆ ಮುಟ್ಟೇ ಇರ್ಲಿಲ್ಲ."

"ಒಪ್ಪತ್ತೂ ಇಲ್ಲ, ಉಪವಾಸಾನೂ ಇಲ್ಲ. ನಮ್ಮನೆಯವರದು ಆಗ್ಲಿ ಅಂತ ಕಾಯ್ತಿದ್ದೆ."

ಒಲೆಯ ಮುಂದಿದ್ದವರೆಲ್ಲ ತಿರುಗಿ ನೋಡಿದರು. ಕಪ್ಪು ಕೋಟಿನವರ ಮುಖ ಮೆತ್ತಗಾಯಿತು. "ನಮ್ಮ ತಾಯೀನೂ ಹಿಂಗೇ" ಎಂದರು. "ನೀವು ಹೋಗಿ ಕೂತ್ಕೊಳ್ಳಿ ಅಮ್ಮಾ, ತರ್ತೀನಿ."

"ಹಾಗೇ ಬೇಡ. ಬಿಸಿ ಮಾಡಿ ತನ್ನಿ. ಚೆನ್ನಾಗಿ ಬಿಸಿ ಆಗ್ಬೇಕು, ಹಬೆ ಏಳ್ಬೇಕು" ಎಂದು ಹೇಳಿ ತಿರುಗಿದೆ. ಹಿಂದೆ ನಿಮ್ಮ ತಾತ ಒದ್ದೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು.

"ಇಲ್ಲೂ ಅಡುಗೆಮನೆಗೇ ಬಂದ್ಯಾ? ಒಗ್ಗರಣೆ ಹಾಕೋಕೆ ಕರೆದ್ರಾ?"

"ಬನ್ನಿ, ಕೂತ್ಕೊಳ್ಳೋಣ" ಅಂದೆ.

ಕುಡಿಕೆ ಮತ್ತೆ ಬಂತು. ಮುಚ್ಚಳ ತೆಗೆದ ಕೂಡಲೇ ಹಬೆ ಎದ್ದು ತಾತನ ಕನ್ನಡಕ ಮಂಜಾಯಿತು. ಕಪ್ಪು ಕೋಟಿನವರು ಚಮಚ ಎತ್ತಿಕೊಂಡರು. ನನ್ನ ಕೈ ಅದರ ಕಡೆಗೆ ಹೊರಟಿತ್ತು, ಅದನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೆ. "ಕೊಡಪ್ಪ ಇಲ್ಲಿ" ಎಂದು ತಾತ ಚಮಚ ಇಸಿದುಕೊಂಡರು.

ಅವರು ಬಡಿಸಿದರು. ಅಂಥ ಬಡಿಸುವಿಕೆಯನ್ನು ನೀವು ನೋಡಿರಲಾರಿರಿ. ಅನ್ನವನ್ನು ಗಾಜಿನ ಸಾಮಾನಿನಂತೆ ಹಿಡಿದು, ತಟ್ಟೆಯ ನಡುವೆ ಇಳಿಸಿ, ಟೇಬಲ್ಲಿನ ಬಟ್ಟೆಯ ಮೇಲೆ ಬಿದ್ದ ಒಂದು ಅಗುಳನ್ನು ಹೆಕ್ಕಿ ತಮ್ಮ ಬಾಯಿಗೆ ಹಾಕಿಕೊಂಡರು. ಎರಡನೇ ಚಮಚಕ್ಕೆ ನಾನು ಅಭ್ಯಾಸದಂತೆ ತಟ್ಟೆಗೆ ಕೈ ಅಡ್ಡ ಹಿಡಿದು "ಸಾಕು" ಅಂದೆ. ಅವರು ತಕ್ಷಣ ನಿಲ್ಲಿಸಿ, ಮುಚ್ಚಳ ಮುಚ್ಚಿಬಿಟ್ಟರು.

ನಾನು ಬದುಕಿನಲ್ಲಿ ಎಷ್ಟು ಜನರಿಗೆ ಬಡಿಸಿದ್ದೇನೋ, ಯಾರ 'ಸಾಕು' ಅನ್ನೂ ನಂಬಿದವಳಲ್ಲ. ಸಾಕು ಅಂದವರಿಗೆ ಇನ್ನೊಂದು ಸೌಟು ಹಾಕುವುದೇ ಬಡಿಸುವವರ ಧರ್ಮ. ಕೈ ಅಡ್ಡ ಬಂದರೆ ಬೆರಳ ಸಂದಿಯಲ್ಲಿ ಹಾಕಬೇಕು. ಉಣ್ಣುವವರಿಗೂ ಗೊತ್ತು, ಬಡಿಸುವವರಿಗೂ ಗೊತ್ತು. ಒಂದು ದಿನವೂ ಬಡಿಸದ ಈ ಮನುಷ್ಯನಿಗೆ ಮಾತ್ರ ಅದು ಗೊತ್ತಿರಲಿಲ್ಲ. ನಾನು ಸಾಕು ಅಂದೆ, ಅವರು ನನ್ನ ಮಾತು ನಂಬಿದರು. ಅಷ್ಟೇ.

ಕೈಯಲ್ಲೇ ಕಲಸಿದೆ. ಬೆರಳು ಸುಟ್ಟಿತು. ತಲೆ ಎತ್ತಿ, ಅವರ ಮುಖ ನೋಡಿಕೊಂಡೇ ಮೊದಲ ತುತ್ತು ಬಾಯಿಗಿಟ್ಟೆ. ನಾಲಿಗೆಯೂ ಸುಟ್ಟಿತು. ಉಫ್ ಉಫ್ ಎನ್ನುತ್ತಾ ಅಗಿದೆ, ಅಗಿಯುವುದನ್ನು ನಿಲ್ಲಿಸಲಿಲ್ಲ. ತಾತ ಮಂಜಾದ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಗಲ್ಲಕ್ಕೆ ಕೈಕೊಟ್ಟು ಕೂತು ನೋಡಿದರು. ಎರಡನೇ ತುತ್ತಿನ ಹೊತ್ತಿಗೆ ನನಗೂ ಅವರು ನೋಡುತ್ತಿದ್ದಾರೆಂಬುದು ಮರೆತುಹೋಯಿತು. ಅಷ್ಟು ರುಚಿಯಾಗಿತ್ತು.

ತಟ್ಟೆ ಖಾಲಿಯಾಯಿತು. ಕುಡಿಕೆಯಲ್ಲಿ ಇನ್ನೂ ಇತ್ತು.

"ಮುಗೀತಾ? ಕೈ ತೊಳ್ಕೋತೀಯಾ?" ಎಂದರು.

ಮಗ, ಸೊಸೆ, ಬಂದ ನೆಂಟರು, ಎಲ್ಲರೂ ನನ್ನನ್ನು ಕೇಳಿದ ಮಾತು ಅದು. ಎಲ್ಲರಿಗೂ 'ಆಯಿತು' ಅಂದವಳೇ ನಾನು.

"ಇಲ್ಲ. ಇನ್ನೂ ಬೇಕು" ಅಂದೆ. "ಬಡಿಸಿ."

ಅವರು ಮುಚ್ಚಳ ತೆಗೆದು ಒಂದು ಚಮಚ ಹಾಕಿದರು. ನನ್ನ ಮುಖ ನೋಡಿ ಇನ್ನೊಂದು ಹಾಕಿದರು. ಆಮೇಲೆ ಕುಡಿಕೆಯನ್ನೇ ಎತ್ತಿ ಬಗ್ಗಿಸಿದರು. ನಾನು ಕೈ ಅಡ್ಡ ಹಿಡಿಯಲಿಲ್ಲ.